ದಾಲಿಯಾಳಿಗೆ ಬರೆದ ಪತ್ರ

“ಈ ದಾಲಿಯಾ ಅನ್ನೋಳು ಯಾರು?” ಎಂದು ಬರಂಗಾಯ್ ಕಚೇರಿಯಲ್ಲಿ ಊರಿನ ಮುಖ್ಯಸ್ಥ, ಕಪಿತಾನ್ ಫೆರ್ಮಿನ್ ಕ್ಷಮಾಪಣೆ ಪತ್ರವನ್ನು ಮೇಜಿನ ಮೇಲೆ ಕುಕ್ಕಿದರು.

ಕ್ರಿಸಾಂತಾ ಮಗನ ಪಕ್ಕಕ್ಕೆ ಸರಿದು ಕೂತಳು. ದಾಲಿಯಾ ಎದುರಿಗೇ, ಬಾಗಿಲ ಪಕ್ಕದ ಬೆಂಚಿನ ಮೇಲೆ, ಹೂವಿನ ಲಂಗ ತೊಟ್ಟು ಅಜ್ಜಿಯ ಜೊತೆ ಕೂತಿದ್ದಳು. ಕಿವಿಯ ಮೇಲೆ ಏಳು ಹೊಲಿಗೆಯ ಗುರುತು. ಅದು ಕ್ರಿಸಾಂತಾಳ ಹದಿನಾರರ ಮಗ ಜೋಮರನ ಪ್ರತಾಪ. ಎರಡು ತಿಂಗಳ ಹಿಂದೆ ಬಾಸ್ಕೆಟ್‌ಬಾಲ್ ಅಂಗಳದಲ್ಲಿ, ಗೆಳೆಯರ ಶಿಳ್ಳೆಗೆ ಉಬ್ಬಿಹೋಗಿ, ಅವಳ ಜಡೆ ಹಿಡಿದು “ನಿಜವಾದ ಹೆಸರು ಬೊಗಳು! ಗಂಡು ಹೆಸರು ಬೊಗಳು!” ಎನ್ನುತ್ತ ಮೀನಿನ ಕತ್ತರಿ ಆಡಿಸಿದ್ದ. ಅವಳು ಹೇಳಲಿಲ್ಲ. ಕತ್ತರಿ ಕಿವಿಗೆ ತಾಗಿತು.

ಚಿಕ್ಕ ವಯಸ್ಸು, ಕೋರ್ಟು ಬೇಡ ಎಂದಿತ್ತು ಕಾನೂನು. ಆರು ಶನಿವಾರ ಸಮಾಜಕಲ್ಯಾಣದ ಮೇಡಂ ಹತ್ತಿರ ಬುದ್ಧಿಮಾತು, ಆಮೇಲೆ ಕಪಿತಾನರ ಮುಂದೆ ಕ್ಷಮಾಪಣೆ ಪತ್ರ ಓದಿ ಎರಡೂ ಕಡೆಯವರ ಸಹಿ. ಸಹಿ ಬೀಳದಿದ್ದರೆ ನಾಳೆಯೇ ಪಟ್ಟಣದ ಬಾಲಕರ ಗೃಹ. ಮೇಡಂ ಮೂರು ಪತ್ರ ಹರಿದಿದ್ದರು. “ಮೊದ್ಲು ಅವಳ ಹೆಸರು ಹಿಡಿದು ಕರಿಯೋದು ಕಲಿ” ಎಂದಿದ್ದರು. ಕಲಿತಿದ್ದ. ನಾಲ್ಕನೆಯ ಪತ್ರ ಓದಿದಾಗ ಕ್ರಿಸಾಂತಾ ತಾನು ಮಾರುವ ಅಕ್ಕಿ ಕಡುಬಿನ ಒಲೆಯ ಮುಂದೆ ಕೂತು ಅತ್ತುಬಿಟ್ಟಿದ್ದಳು.

“ಕಡತದಲ್ಲಿರೋದು ರೊಹೆಲಿಯೊ. ಏಟು ತಿಂದಿರೋದೂ ರೊಹೆಲಿಯೊ,” ಎಂದರು ಕಪಿತಾನ್. “ನಿಜವಾದ ಹೆಸರು ಬರಿಯೋ.”

ಜೋಮರ್ ಬೆಚ್ಚಿದ. “ಆ ಹೆಸರು ಬರೆದ್ರೆ ಮೇಡಂ ಹರಿದು ಹಾಕ್ತಾರೆ, ಕಪಿತಾನ್.”

“ಬರೀದಿದ್ರೆ ನಾನು ಹರಿದು ಹಾಕ್ತೀನಿ.”

“ಇರ್ಲಿ, ಇದ್ದ ಹಾಗೇ ಓದ್ಲಿ,” ಎಂದಳು ದಾಲಿಯಾ. ಅವನು ಓದಿದ. ನಡುವೆ ಎರಡು ಸಲ ನಿಂತು, ಅದೇ ಸಾಲನ್ನು ಮತ್ತೆ ಓದಿದ. ಅವಳು ಎದ್ದು ಬಂದು ಸಹಿ ಹಾಕಿ, ಹೋಗಿ ಕೂತಳು. ಕ್ರಿಸಾಂತಾಳಿಗೆ ಹೋದ ಜೀವ ಬಂದಂತಾಯಿತು.

ಕಪಿತಾನರು ಸಹಿ ನೋಡಿ ಹಣೆ ಒತ್ತಿಕೊಂಡರು. “ಹೀಗಲ್ಲಮ್ಮ... ಅಲ್ಲಪ್ಪ... ರೊಹೆಲಿಯೊ ಅಂತ ಹಾಕು.”

“ಕತ್ತರಿ ಹಿಡಿದು ಕೇಳಿದಾಗ್ಲೇ ಹೇಳ್ಲಿಲ್ಲ. ಪೆನ್ನು ಹಿಡಿದು ಕೇಳಿದ್ರೆ ಹೇಳ್ತೀನಾ, ಕಪಿತಾನ್?”

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವವರು ಫೆರ್ಮಿನ್. ಇಪ್ಪತ್ತು ವರ್ಷ ಚುನಾವಣೆ ಗೆದ್ದದ್ದು ಹಾಗೆಯೇ. ದೂರಿನ ಪುಸ್ತಕ ತೆರೆದು, ದಾಲಿಯಾಳ ತಲೆಯ ಮೇಲಿಂದ ಬಾಗಿಲ ಕಡೆ ನೋಡಿ, “ರೊಹೆಲಿಯೊ!” ಎಂದು ಮೂರು ಸಲ ಕೂಗಿದರು. ಯಾರೂ ಓಗೊಡಲಿಲ್ಲ. ಹೊರಗೆ ಮಲಗಿದ್ದ ನಾಯಿ ಮಾತ್ರ ಎದ್ದು ನೋಡಿತು.

“ಕರೆದರೂ ದೂರುದಾರ ಹಾಜರಾಗಲಿಲ್ಲ. ದೂರು ವಜಾ,” ಎಂದು ಜೋರಾಗಿ ಹೇಳುತ್ತಲೇ ಬರೆದರು. “ಮಗನ್ನ ಕರ್ಕೊಂಡು ಮನೆಗೆ ಹೋಗು, ಕ್ರಿಸಾಂತಾ. ಅವನ ಮೇಲೆ ಏನೂ ಇಲ್ಲ.”

ಕ್ರಿಸಾಂತಾ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. ತನಗೆ ಇಷ್ಟೊಂದು ಸಂತೋಷವಾಯಿತಲ್ಲ ಎಂದು ನಾಚಿಕೆಯೂ ಆಯಿತು. ಮಗನ ರಟ್ಟೆ ಹಿಡಿದೆಳೆದರೆ ಅವನು ಏಳಲೊಲ್ಲ.

“ಕಪಿತಾನ್, ಇಲ್ಲೇ ಕೂತಿದ್ದಾಳಲ್ಲ! ನಾನು ಕತ್ತರಿ ಹಾಕಿದ್ದು ಇವಳಿಗೇ!”

ಕ್ರಿಸಾಂತಾ ಅವನ ಬಾಯಿಗೆ ಅಂಗೈ ಒತ್ತಿದಳು. “ಬಾಯ್ಮುಚ್ಚು! ಅಲ್ಲಿ ಯಾರೂ ಇಲ್ಲ, ನಡಿ.”

ಅವನನ್ನು ದರದರ ಎಳೆದುಕೊಂಡು ಬಾಗಿಲವರೆಗೆ ಬಂದಳು. ದಾರಿ ಕಿರಿದು. ಅಡ್ಡವಿದ್ದ ಮೊಣಕಾಲುಗಳ ಮುಂದೆ ನಿಂತು, “ಸ್ವಲ್ಪ ಕಾಲು ಸರಿಸಮ್ಮ, ದಾಲಿಯಾ,” ಎಂದಳು.