ಹನ್ನೆರಡನೆಯ ‘ನಾನು’

“ಸಾರ್, ನಿಮ್ಮ ಮೇಲೆ ನಿಮಗೇ ಯಾಕೆ ಇಷ್ಟೊಂದು ಸಿಟ್ಟು?”

ಕೇಳಿದವಳು ಪತ್ರಿಕೆಯ ಹೊಸ ವರದಿಗಾರ್ತಿ. ಕಲಾವಿದ ತಕ್ಷಣ ಬಾಯಿ ಬಿಡಲಿಲ್ಲ. ಊರೆಲ್ಲ ಅವನನ್ನು ಕರೆಯುತ್ತಿದ್ದದ್ದು ಹಾಗೆಯೇ, ಕಲಾವಿದ ಎಂದು. ಇಂಥ ಪ್ರಶ್ನೆ ಬಂದಾಗ ಮೊದಲು ಒಂದು ಗಳಿಗೆ ಸುಮ್ಮನಿರಬೇಕು, ಆಮೇಲೆ ಕನ್ನಡಕ ತೆಗೆಯಬೇಕು. ಎರಡೂ ಅವನಿಗೆ ಅಭ್ಯಾಸವಾಗಿದ್ದವು.

“ಸಿಟ್ಟಲ್ಲಮ್ಮ. ಕುಂಚದ ಮುಂದೆ ಕೂತ ಮೇಲೆ ಸುಳ್ಳು ನಡೆಯಲ್ಲ, ಅಷ್ಟೆ.”

ಹಿಂದಿನ ಸಾಲಿನಲ್ಲಿದ್ದ ಅವನ ಹೆಂಡತಿ ತಲೆಯಾಡಿಸಿದಳು.

ಗ್ಯಾಲರಿಯ ಮೂರು ಗೋಡೆಗಳ ಮೇಲೆ ಅವನವೇ ಹನ್ನೊಂದು ಮುಖಗಳು. ಎಲ್ಲದರ ಹೆಸರೂ ‘ನಾನು’. ಒಂದರಲ್ಲಿ ಅವನು ಊಟದ ಮೇಜಿನ ಮುಂದೆ ಕೂತು, ಎದುರಿನವರ ಮಾತು ಯಾವಾಗ ಮುಗಿದೀತೆಂದು ಕಾಯುತ್ತಿದ್ದ. ಇನ್ನೊಂದರಲ್ಲಿ ಗೆಳೆಯನಿಗೆ ಬಂದ ಪ್ರಶಸ್ತಿಯ ಸುದ್ದಿ ಕೇಳಿ ನಗುತ್ತಿದ್ದ. ತುಟಿ ಮಾತ್ರ ನಗುತ್ತಿತ್ತು. ಜನ ಹೆಚ್ಚು ಹೊತ್ತು ನಿಲ್ಲುತ್ತಿದ್ದದ್ದು ಆಸ್ಪತ್ರೆಯ ಚಿತ್ರದ ಮುಂದೆ. ಅರ್ಧ ತೆರೆದ ಬಾಗಿಲು, ಆಚೆ ಬೆಂಚಿನ ಮೇಲೆ ಅವನು. ಒಳಗೆ ಯಾರೋ ನೋವು ತಿನ್ನುತ್ತಿದ್ದಾರೆ, ಅವನು ಗಡಿಯಾರ ನೋಡುತ್ತಿದ್ದಾನೆ.

“ಒಳಗೆ ಮಲಗಿದವರ ಕಣ್ಣಿನಿಂದ ತನ್ನನ್ನು ನೋಡಿಕೊಂಡಿದ್ದಾರೆ,” ಎಂದು ಹಿರಿಯ ವಿಮರ್ಶಕರು ವರದಿಗಾರ್ತಿಗೆ ಬಿಡಿಸಿ ಹೇಳಿದರು. “ತನ್ನ ಸಣ್ಣತನವನ್ನು ಹೀಗೆ ಬಯಲಿಗಿಡೋ ಎದೆಗಾರಿಕೆ ಇನ್ಯಾರಿಗಿದೆ?”

ಈ ಎದೆಗಾರಿಕೆ ನಂಬದಿದ್ದವರು ಒಬ್ಬರೇ, ಅವನ ತಾಯಿ. ಹಿಂದಿನ ಪ್ರದರ್ಶನಕ್ಕೆ ಬಂದಿದ್ದಾಗ ಆಕೆ ಸೊಸೆಯನ್ನು ಪಕ್ಕಕ್ಕೆ ಕರೆದಿದ್ದರು.

“ನನ್ನ ಮಗ ತನ್ನ ತಪ್ಪನ್ನ ಯಾವತ್ತು ಒಪ್ಕೊಂಡಿದ್ದಾನೆ? ಹಾಲಿನ ಪಾತ್ರೆ ಬೀಳಿಸಿ ಬೆಕ್ಕಿನ ಮೇಲೆ ಹೇಳ್ತಿದ್ದ. ಈ ಬುದ್ಧಿ ಎಲ್ಲಿಂದ ಬಂತು?”

“ಮನೆಯಿಂದಲೇ ಅತ್ತೆ,” ಎಂದಿದ್ದಳು ಸೊಸೆ.

ನಾಲ್ಕನೆಯ ಗೋಡೆಯ ಮೇಲೆ ಹನ್ನೆರಡನೆಯ ಚಿತ್ರವಿತ್ತು, ಬಿಳಿ ಬಟ್ಟೆ ಹೊದ್ದುಕೊಂಡು. ಕಲಾವಿದನ ಕಣ್ಣು ಮತ್ತೆ ಮತ್ತೆ ಅತ್ತಲೇ ಓಡುತ್ತಿತ್ತು. ಅದಕ್ಕಾಗಿ ಮಹಡಿಯ ಕೋಣೆಯಲ್ಲಿ ಕೂತೂ ಕೂತೂ ಅವನ ಕುತ್ತಿಗೆ ಹಿಡಿದುಕೊಂಡಿತ್ತು. ಹೆಂಡತಿಯೂ ದಿನವಿಡೀ ಅಲ್ಲೇ ಇರುತ್ತಿದ್ದಳು. ಕಿಟಕಿಯ ಪರದೆ ಸರಿಸುವವಳು ಅವಳೇ, ಕುಂಚ ತೊಳೆಯುವವಳೂ ಅವಳೇ. ಅವಳ ಕೈಯಿಂದ ಟರ್ಪಂಟೈನ್ ವಾಸನೆ ಹೋದದ್ದೇ ಇಲ್ಲ.

ಚಿತ್ರ ಮುಗಿದ ದಿನ ಅವನಿಗೆ ಅನ್ನ ಸೇರಲಿಲ್ಲ. ಹಿಂದಿನ ಹನ್ನೊಂದರಲ್ಲಿ ಸಣ್ಣತನವಿತ್ತು, ಹೊಟ್ಟೆಕಿಚ್ಚಿತ್ತು, ಹೆದರಿಕೆಯಿತ್ತು. ಅವನ್ನು ಜನ ಪ್ರಾಮಾಣಿಕತೆ ಎಂದು ಕರೆದಿದ್ದರು. ಕೇಳಿ ಕೇಳಿ ಅವನಿಗೂ ಹಾಗೇ ಅನ್ನಿಸಿತ್ತು. ಇದು ಬೇರೆ. ಸಿಕ್ಕಿಬಿದ್ದ ಮನುಷ್ಯನ ಮುಖ.

“ಕಣ್ಣು ಇಷ್ಟೊಂದು ಕಳ್ಳಗಣ್ಣು ಆಗಬೇಕಿತ್ತಾ?” ಎಂದು ಕೇಳಿದ್ದ.

“ಇರೋದನ್ನ ಹೇಗ್ರೀ ಮುಚ್ಚಿಡೋದು?”

“ನೋಡಿದವರು ಏನಂದ್ಕೊಳ್ಳಲ್ಲ?”

“ದೊಡ್ಡ ಮನಸ್ಸು ಅಂತಾರೆ. ಪ್ರತಿ ಸಲ ಹಾಗೇ ತಾನೇ ಅಂದಿರೋದು?”

ಅವನು ಸಮಾಧಾನ ತಂದುಕೊಂಡು ರುಜು ಹಾಕಲು ಕೈಚಾಚಿದ್ದ. ಅವಳು ತಡೆದಳು. “ಬಣ್ಣ ಇನ್ನೂ ಹಸಿ ಇದೆ. ಗ್ಯಾಲರೀಲಿ ಬಟ್ಟೆ ಸರಿಸಿದ ಮೇಲೆ ಎಲ್ಲರೆದುರಿಗೇ ಹಾಕಿದ್ರಾಯ್ತು ಬಿಡಿ.” ಕಟ್ಟಿ, ಹಗ್ಗ ಬಿಗಿದು, ವಾಹನಕ್ಕೆ ಹತ್ತಿಸಿದವಳು ಅವಳೇ, ಗೋಡೆಗೆ ಹಾಕಿಸಿ ಬಟ್ಟೆ ಹೊದಿಸಿದವಳೂ ಅವಳೇ.

ಈಗ ಗ್ಯಾಲರಿಯ ನಿರ್ದೇಶಕರು ಎದ್ದು ನಿಂತರು. ನಾಲ್ಕು ಒಳ್ಳೆಯ ಮಾತಾಡಿ ಬಟ್ಟೆಯ ತುದಿ ಹಿಡಿದು ಎಳೆದರು.

ಗೋಡೆಯ ಮೇಲಿದ್ದದ್ದು ಅವನ ಮುಖವಲ್ಲ, ಅವನ ಹೆಂಡತಿಯ ಮುಖ. ಕಿವಿಯ ಬಳಿ ನರೆ, ಕೆನ್ನೆಗೆ ಅಂಟಿದ ಒಂದು ನೀಲಿ ಗೀರು. ನಗುವಿಲ್ಲ, ದೂರೂ ಇಲ್ಲ. ತುಂಬ ದಿನ ಹೊತ್ತಿದ್ದ ಭಾರ ಇಳಿಸಿ ನೆಟ್ಟಗೆ ನಿಂತವರ ನೋಟ. ಪಕ್ಕದ ಫಲಕದಲ್ಲಿ ಮಾತ್ರ ಎಂದಿನಂತೆ ‘ನಾನು’ ಎಂದೇ ಇತ್ತು.

ಕಲಾವಿದ ಹಿಂದಿನ ಸಾಲಿನತ್ತ ನೋಡಿದ. ಅವಳು ಅವನನ್ನು ನೋಡುತ್ತಿರಲಿಲ್ಲ, ಚಿತ್ರ ನೋಡುತ್ತಿದ್ದಳು.

ಅವನ ಮಾನ ಉಳಿಸಿದವರು ವಿಮರ್ಶಕರು. “ಅದ್ಭುತ!” ಎಂದು ಎದ್ದೇಬಿಟ್ಟರು. “ಹನ್ನೊಂದು ಸಲ ತನ್ನನ್ನು ಹುಡುಕಿ ಸೋತ ಗಂಡಸು, ಕೊನೆಗೆ ಹೆಂಡತಿಯ ಮುಖದಲ್ಲಿ ತನ್ನನ್ನು ಕಂಡುಕೊಂಡಿದ್ದಾನೆ. ಅಹಂಕಾರ ಕರಗೋದು ಅಂದರೆ ಇದು.”

ಚಪ್ಪಾಳೆ ಸೂರು ಹಾರಿಹೋಗುವಂತೆ ಮೊಳಗಿತು. ಕೆಲವರು ಕಣ್ಣೊರೆಸಿಕೊಂಡರು. ಕಲಾವಿದನಿಗೆ ಹೋದ ಜೀವ ಬಂದಂತಾಯಿತು. ಅವನು ಒಂದು ಗಳಿಗೆ ಸುಮ್ಮನಿದ್ದ. ಆಮೇಲೆ ಕನ್ನಡಕ ತೆಗೆದ.

“ಅವಳಿಲ್ಲದೆ ನಾನಿಲ್ಲ,” ಎಂದ. ಅದೊಂದು ಮಾತು ನಿಜವಾಗಿತ್ತು.

ಜನ ಅವನನ್ನು ಮುತ್ತಿಕೊಂಡರು. ಆ ನೂಕುನುಗ್ಗಲಲ್ಲಿ ಜಾಗ ಸಿಗದ ವರದಿಗಾರ್ತಿ ಹಿಂದಿನ ಸಾಲಿಗೆ ಹೋದಳು. ಅಲ್ಲಿ ಅವನ ಹೆಂಡತಿಯ ಹತ್ತಿರ ಒಬ್ಬರೂ ಇರಲಿಲ್ಲ. ಏನು ಕೇಳುವುದೆಂದು ತಿಳಿಯದೆ, ಸುಮ್ಮನೆ ಮಾತಿಗೆಂದು ಕೇಳಿದಳು:

“ಇದನ್ನ ಬರೆಯೋಕೆ ಸಾರ್ ನಿಮ್ಮನ್ನ ತುಂಬಾ ಹೊತ್ತು ಕೂರಿಸಿದ್ರಾ ಮೇಡಂ?”

“ಇಲ್ಲಮ್ಮ, ಇದೊಂದನ್ನ ಕನ್ನಡಿ ಇಟ್ಕೊಂಡು ಬರೆದೆ,” ಎಂದಳು ಅವಳು. “ಆ ಹನ್ನೊಂದಕ್ಕೆ ಮಾತ್ರ ಅವರನ್ನ ಕೂರಿಸಬೇಕಾಯ್ತು.”