ಮುಳ್ಳಿನ ಚೆಂಡು

ಸುಹಾನಾ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದಳು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು. ಅದು ಅಲ್ಲೇ ಇತ್ತು. ದುಂಡಗೆ, ಮೈತುಂಬ ಮುಳ್ಳು. ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ದುರಗವ್ವನ ಮೂತ್ರದಲ್ಲಿ ಇಂಥದೊಂದು ಕಾಣಲು ಕಾರಣವೇ ಇರಲಿಲ್ಲ. ಉರಿಮೂತ್ರವೆಂದು ಡಾಕ್ಟರು ಚೀಟಿ ಬರೆದು ಕಳಿಸಿದ್ದರು, ಅಷ್ಟೇ.

"ತಂಗೀ, ಲಗೂ ಮಾಡವ್ವಾ," ದುರಗವ್ವ ಬಾಗಿಲಿಗೆ ಬಂದಳು. "ಅರ್ಧಾ ಸಾಲು ಬಿಟ್ಟು ಬಂದೇನಿ. ಬಿಸಲೇರಿದ್ರ ಹೂ ಬಾಡ್ತಾವ."

"ಇನ್ನೊಂಚೂರು ಕುಂದರ್ರಿ ಅಕ್ಕಾ."

ಹಿರೇಕೆರೂರಿನ ಆ ಸಣ್ಣ ಲ್ಯಾಬು ಗುಡ್ಡಪ್ಪನದು. ಈಗೀಗ ಸ್ಲೈಡುಗಳನ್ನೆಲ್ಲ ಸುಹಾನಾಳಿಗೆ ಬಿಟ್ಟಿದ್ದ. ಅವಳು ಕರೆದಾಗ ಬಂದು ಬಗ್ಗಿ ನೋಡಿದ, ಬಹಳ ಹೊತ್ತು ನೋಡಿದ. ಕಪಾಟಿನಿಂದ ರಟ್ಟಿನ ಹಳೆಯ ನೋಟ್‌ಬುಕ್ಕು ತೆಗೆದ. ತಾನು ಸ್ಲೈಡಿನಲ್ಲಿ ಕಂಡದ್ದನ್ನೆಲ್ಲ ಅವನು ಅದರಲ್ಲಿ ಪೆನ್ಸಿಲಿನಿಂದ ಚಿತ್ರಿಸಿ, ಕೆಳಗೆ ಅದರದರ ಹೆಸರು ಹಾಕಿದ್ದ. ಅದನ್ನು ಇಟ್ಟುಕೊಂಡೇ ಸುಹಾನಾಳಿಗೆ ಕೆಲಸ ಕಲಿಸಿದ್ದ. ಈಗ ತೆರೆದ ಪುಟವನ್ನು ಮಾತ್ರ ಅವಳು ಎಂದೂ ನೋಡಿರಲಿಲ್ಲ. ಅದೇ ಮುಳ್ಳಿನ ಚೆಂಡು. ಹೆಸರಿನ ಜಾಗದಲ್ಲಿ ಬರೀ ಪ್ರಶ್ನೆಚಿಹ್ನೆ.

"ಯಾವಾಗಿಂದು ಕಾಕಾ ಇದು?"

"ತೊಂಬತ್ತೆಂಟರ ಸೆಪ್ಟೆಂಬರ. ವೀರವ್ವ ಅಂತ. ಆಕಿಗೂ ಉರಿಮೂತ್ರನ. ಇದ್ದದ್ದು ಒಂದ ಪುಸ್ತಕ, ಅದರಾಗ ಇದು ಇರಲಿಲ್ಲ. ಏನೂ ಇಲ್ಲಂತ ಬರದು ಕಳಿಸಿದೆ. ಮತ್ತ ಆಕಿ ಬರಲಿಲ್ಲ."

ಸುಹಾನಾ ಕಂಪ್ಯೂಟರಿನಲ್ಲಿ ತಾನು ದಿನವೂ ಬಳಸುವ ಜಾಲತಾಣ ತೆರೆದಳು. ಸೂಕ್ಷ್ಮದರ್ಶಕದಲ್ಲಿ ಕಾಣುವ ಸಾವಿರಾರು ವಸ್ತುಗಳ ಫೋಟೊಗಳನ್ನು ಅಲ್ಲಿ ಆಕಾರ, ಅಳತೆ ನೋಡಿ ಹುಡುಕಬಹುದು. ಗುಡ್ಡಪ್ಪ ಅವಳ ಕುರ್ಚಿಯ ಹಿಂದೆಯೇ ನಿಂತ. ಮೂತ್ರದಲ್ಲಿ ಕಾಣುವ, ರೋಗದ ಹುಳುವೊಂದರ ಮುಳ್ಳಿರುವ ತತ್ತಿ ಸಿಕ್ಕಿತು.

"ಇದಕ್ಕ ಒಂದ ಮುಳ್ಳು," ಎಂದ ಗುಡ್ಡಪ್ಪ. "ನಮ್ಮದಕ್ಕ ಮೈತುಂಬ. ಈಕಿನ್ನ ಹುಬ್ಬಳ್ಳಿ ದೊಡ್ಡಾಸ್ಪತ್ರಿಗೆ ಕಳಸೂಣು ಸುಹಾನಾ. ಈ ಸಲ ನಾ ಏನೂ ಇಲ್ಲಂತ ಬರ್ಯಾಂಗಿಲ್ಲ."

ಹುಬ್ಬಳ್ಳಿ ಎಂಬುದು ಕಿವಿಗೆ ಬಿದ್ದದ್ದೇ ದುರಗವ್ವ ಒಳಗೇ ಬಂದಳು. "ನಾ ಹುಬ್ಬಳ್ಳಿಗೆ ಹೋದ್ರ ಹೊಲದಾಗ ನೀವು ಬಂದು ನಿಂದರ್ತೀರೇನ್ರಿ ಯಜಮಾನ್ರ? ಅಂಥಾದ್ದೇನ ಆಗೇತಿ ನನಗ?" ಮೇಜಿನ ಮೇಲಿದ್ದ ಚಿತ್ರದ ಮೇಲೆ ಬೆರಳಿಟ್ಟಳು. "ಇದೇನು, ದತ್ತೂರಿ ಕಾಯಿ?"

ಬೆರಳು ತೆಗೆದಾಗ ಕಾಗದದ ಮೇಲೆ ಹಳದಿ ಗುರುತು ಉಳಿಯಿತು.

"ಕೈಗೇನದು, ಅರಿಷಿಣ?" ಕೇಳಿದ ಗುಡ್ಡಪ್ಪ.

"ಹತ್ತಿ ಹೂವಿನ ಪುಡಿರಿ. ಬೀಜದ ಹತ್ತಿ ಹೊಲದಾಗ ಕ್ರಾಸಿಂಗ್ ಮಾಡಾಕತ್ತೇನಲ್ಲ, ಗಂಡು ಹೂ ತಂದು ಹೆಣ್ಣು ಹೂವಿಗೆ ಮುಟ್ಟಸೂದು. ಅಲ್ಲಿಂದ ಸೀದಾ ಇಲ್ಲಿಗೇ ಬಂದೇನಿ."

ಗುಡ್ಡಪ್ಪ, ಸುಹಾನಾ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಜಾಲತಾಣದ ಕೊನೆಯಲ್ಲಿ ಸುಹಾನಾ ಎಂದೂ ತೆರೆಯದ ಒಂದು ಪುಟವಿತ್ತು. ರೋಗವಲ್ಲದಿದ್ದರೂ ರೋಗದಂತೆ ಕಾಣುವ ವಸ್ತುಗಳದು. ಈಗ ತೆರೆದಳು. ಕೂದಲು, ಅರಿವೆಯ ಎಳೆ, ಗಾಳಿಗುಳ್ಳೆ. ಅವುಗಳ ಕೆಳಗೆ ಹೂವಿನ ಪರಾಗ. ದುಂಡಗೆ, ಮೈತುಂಬ ಮುಳ್ಳು.

ಫೋಟೊ ಒಂದನ್ನೇ ನಂಬದೆ ಸುಹಾನಾ ಗಾಜಿನ ಮೇಲೆ ನೀರಿನ ಹನಿ ಹಾಕಿ, ದುರಗವ್ವನ ಬೆರಳನ್ನು ಅದಕ್ಕೆ ಒತ್ತಿದಳು. ಮುಳ್ಳಿನ ಚೆಂಡುಗಳು ಹಿಂಡುಹಿಂಡಾಗಿ ಕಂಡವು. ಸಾಬೂನು ಕೊಟ್ಟು ಕೈ ತೊಳೆಸಿ, ಬೇರೆ ಬಾಟ್ಲಿ ಕೊಟ್ಟಳು. ಈ ಸಲ ಒಂದೂ ಇರಲಿಲ್ಲ. ಚೂರು ಕೀವಿನ ಕಣಗಳಿದ್ದವು, ಉರಿಗೆ ಕಾರಣವಾದ ಸೋಂಕಿನ ಗುರುತು. ಡಾಕ್ಟರ ಗುಳಿಗೆಗೆ ಹೋಗುವಂಥದು.

"ಮೊದಲ ಕೈ ತೊಳಕೋರಿ ಅಂತ ನಾನ ಹೇಳಬೇಕಿತ್ತು," ಎಂದಳು ಸುಹಾನಾ.

"ಅಂದ್ರ ನನ್ನ ಹೊಟ್ಯಾಗ ಹತ್ತಿ ಬೆಳದಿಲ್ಲ." ದುರಗವ್ವ ನಕ್ಕು ರಿಪೋರ್ಟು ಮಡಚಿಕೊಂಡಳು.

ಗುಡ್ಡಪ್ಪನೂ ನಕ್ಕ. ಆದರೆ ಅವನ ಕಣ್ಣು ನೋಟ್‌ಬುಕ್ಕಿನ ತಾರೀಕಿನ ಮೇಲಿತ್ತು. ಸೆಪ್ಟೆಂಬರ, ಹತ್ತಿ ಹೂ ಬಿಡುವ ಕಾಲ. "ಆಕಿನೂ ಹೊಲದಿಂದ ಬಂದಿದ್ಲೇನೋ. ನಾ ಕೇಳಲೇ ಇಲ್ಲ," ಎಂದು ತನಗೇ ಹೇಳಿಕೊಂಡ. ಆಮೇಲೆ ಬಾಗಿಲ ತನಕ ಹೋಗಿ, "ದುರಗವ್ವಾ, ಎಂಟು ದಿನ ಬಿಟ್ಟು ಒಮ್ಮೆ ಬಂದು ಹೆಂಗೈತಿ ಹೇಳಿ ಹೋಗಬೇ," ಎಂದ.

ದುರಗವ್ವ ಆಗಲೇ ಚಪ್ಪಲಿ ಮೆಟ್ಟಿದ್ದಳು. "ಉರಿ ನಿಂತಮ್ಯಾಗ ಯಾಕ ಬರ್ಲಿರಿ? ಆರಾಮಾದವ್ರು ಯಾರರ ಇಲ್ಲಿಗೆ ಹೇಳಾಕ ಬರ್ತಾರೇನು?" ಎಂದು ಸರಸರ ನಡೆದಳು.

ಗುಡ್ಡಪ್ಪ ಬಾಗಿಲಲ್ಲೇ ನಿಂತ. ವೀರವ್ವ ಮತ್ತೆ ಬಾರದ್ದಕ್ಕೆ ಇಷ್ಟು ವರ್ಷ ಅವನಿಗೆ ಹೊಳೆದದ್ದು ಒಂದೇ ಕಾರಣ: ಆಕೆ ಉಳಿದಿರಲಿಕ್ಕಿಲ್ಲ.

ಪ್ರಶ್ನೆಚಿಹ್ನೆ ಅಳಿಸಲೆಂದು ಸುಹಾನಾ ರಬ್ಬರು ಮುಂದೆ ಹಿಡಿದಳು. ಅವನು ತೆಗೆದುಕೊಳ್ಳಲಿಲ್ಲ. ಪ್ರಶ್ನೆಚಿಹ್ನೆಯ ಪಕ್ಕ ಬಿದ್ದಿದ್ದ ಹಳದಿ ಗುರುತನ್ನು ಒರೆಸಲೂ ಇಲ್ಲ. ಆ ಪುಟವನ್ನು ಹಾಗೆಯೇ ತೆರೆದಿಟ್ಟು, ಚಹಾ ಕುಡಿಯಲು ಹೋದ.