ಗದ್ದದ ಮೇಲಿನ ಮುಳ್ಳುಗಳು

ಗಂಡನ ಕಿಡ್ನಿಯನ್ನು ಕಸಿ ಮಾಡಿಸಿಕೊಂಡ ವರ್ಷದೊಳಗೆ ವನಮಾಲಮ್ಮನ ಗದ್ದದ ತುಂಬ ಸಣ್ಣ ಸಣ್ಣ ಮುಳ್ಳುಗಳೆದ್ದವು. ಮುಟ್ಟಿದರೆ ಕುರುಚಲು ಗಡ್ಡದಂತೆ ಚುಚ್ಚುತ್ತಿದ್ದವು. ಮೂರು ತಿಂಗಳಾದರೂ ಹೋಗದಿದ್ದಾಗ, ಕ್ಯಾನ್ಸರೇ ಇರಬೇಕೆಂದು ಹೆದರಿ ಚರ್ಮದ ಡಾಕ್ಟರ ಬಳಿಗೆ ಹೋದರು.

ಡಾಕ್ಟರು ಭೂತಗನ್ನಡಿ ಹಿಡಿದು ನೋಡಿದರು. "ಕ್ಯಾನ್ಸರೂ ಅಲ್ಲ, ಏನೂ ಅಲ್ಲ. ಹೊಸ ಕಿಡ್ನಿ ಉಳೀಲಿ ಅಂತ ನೀವು ನುಂಗೋ ಮಾತ್ರೆ ಮೈಯ ರೋಗನಿರೋಧಕ ಶಕ್ತಿ ತಗ್ಗಿಸುತ್ತೆ. ಆ ಸಂದೀಲಿ ಒಂದು ವೈರಸ್ ನುಗ್ಗಿದೆ. ಮಾತ್ರೆ ಬಿಡಬೇಡಿ, ಈ ಮುಲಾಮು ಹಚ್ಚಿ."

ವನಮಾಲಮ್ಮನಿಗೆ ಹೋದ ಜೀವ ಬಂದಂತಾಯಿತು.

"ಹಾಗಾದ್ರೆ ಇದಕ್ಕೂ ನಮ್ಮೆಜಮಾನ್ರ ಕಿಡ್ನಿಗೂ ಸಂಬಂಧ ಇಲ್ವಾ?"

"ಖಂಡಿತ ಇಲ್ಲ. ಹೊರಗಿದಾರಲ್ಲ, ಕರೀರಿ, ನಾನೇ ಹೇಳ್ತೀನಿ."

"ಅಯ್ಯೋ, ಬೇಡಿ ಡಾಕ್ಟ್ರೇ! ಅವರ ಕಿಡ್ನಿಯಿಂದ ನಾನೂ ಗಂಡಸಾಗ್ತಿದೀನಿ ಅಂತ ನಂಬಿಸಿ, ಮೂರು ತಿಂಗಳಿಂದ ಅವರ ಕೈಲೇ ಅಡುಗೆ ಮಾಡಿಸ್ತಿದೀನಿ!"